ನಮ್ಮ ಪುರಸಭೆಗೆ ಬಂದ ಆಂಬುಲೆನ್ಸು

ಸ್ಥಳೀಯ ಸಂಸ್ಥೆಯಲ್ಲಿ ನೌಕರಿ ಮಾಡಿದವನು ನಗೋದಕ್ಕೆ ಅಂತ ಬೇರೆಲ್ಲೂ ಹೋಗಬೇಕಾಗಿಲ್ಲ. ಬೆಳಿಗ್ಗೆ ಹತ್ತೂವರೆಗೆ ಕುರ್ಚಿ ಮೇಲೆ ಕೂತರೆ ಸಾಕು, ಅರ್ಜಿಗಳ ಜೊತೆ ಪ್ರಸಂಗಗಳೂ ಬಾಗಿಲು ತಳ್ಳಿಕೊಂಡು ಬರುತ್ತವೆ. ನಾನು ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ ಈ ನಾಲ್ಕೂ ಕಡೆಯ ನೀರು ಕುಡಿದ ಗುಮಾಸ್ತ. ತೊಂಬತ್ತರ ದಶಕದಲ್ಲಿ ಇವುಗಳಲ್ಲಿ ಒಂದು ಊರಿನ ಪುರಸಭೆಗೆ ಒಂದು ಆಂಬುಲೆನ್ಸು ಬಂತು. ಯಾವ ಊರು ಅಂತ ಹೇಳುವುದಿಲ್ಲ. ಹೇಳಿದರೆ ಆ ಊರಿನವರು ಬೈಯುತ್ತಾರೆ. ಹೇಳದಿದ್ದರೆ ನಾಲ್ಕೂ ಊರಿನವರು ಪಕ್ಕದ ಊರಿನ ಕಥೆ ಅಂದುಕೊಂಡು ನಗುತ್ತಾರೆ.

೧. ಯಾವ ಶಾಖೆಗೆ?

ಆಂಬುಲೆನ್ಸು ಬಂದ ದಿನ ನಾನು ರಜೆಯಲ್ಲಿದ್ದೆ. ನಡೆದದ್ದನ್ನು ಮಾರನೇ ದಿನ ನಮ್ಮ ಜವಾನ ಹೇಳಿದ.

ಬಿಳೀ ವ್ಯಾನು, ಮೇಲೊಂದು ಕೆಂಪು ದೀಪ. ಜೊತೆಗೆ ಮಂಡ್ಯದಿಂದ ಒಂದು ಪತ್ರ. "ಸದರಿ ವಾಹನವನ್ನು ಸ್ಥಳೀಯ ಸಂಸ್ಥೆಯು ತನ್ನ ಜವಾಬ್ದಾರಿಯಲ್ಲಿ ನಡೆಸತಕ್ಕದ್ದು" ಅಂತ ಒಂದೇ ಸಾಲು. ನಮ್ಮ ಮುಖ್ಯಾಧಿಕಾರಿಗಳು ಅದನ್ನು ಎರಡು ಸಲ ಓದಿ, ಎಲ್ಲ ಶಾಖೆಯವರನ್ನೂ ಕರೆದು, "ಇದು ಯಾರಿಗೆ ಸೇರ್ಬೇಕು?" ಅಂದರಂತೆ.

ನೀರಿನ ಶಾಖೆಯವರು, "ಮೇಲೆ ದೀಪ ಇದೆಯಲ್ಲ ಸಾರ್, ಬೀದಿ ದೀಪದವರಿಗೆ ಕೊಡಿ" ಅಂದರು.

ಬೀದಿ ದೀಪದವರು, "ನಮ್ದು ಕಂಬದ ಮೇಲೆ ನಿಂತಿರೋ ದೀಪ ಸಾರ್. ಓಡಾಡೋ ದೀಪಕ್ಕೆ ನಾವು ಜವಾಬ್ದಾರಿ ಅಲ್ಲ" ಅಂದರು.

ಕೊನೆಗೆ ಎಲ್ಲರೂ ಆರೋಗ್ಯ ನಿರೀಕ್ಷಕರ ಕಡೆ ನೋಡಿದರು. ಆರೋಗ್ಯ ಅನ್ನುವ ಪದ ಇದ್ದದ್ದು ಅವರೊಬ್ಬರ ಬೋರ್ಡಿನ ಮೇಲೆ. ತಪ್ಪಿಸಿಕೊಳ್ಳುವ ಹಾಗಿರಲಿಲ್ಲ. ಆದರೆ ಅವರು ಇಪ್ಪತ್ತೆರಡು ವರ್ಷ ಸರ್ವಿಸ್ ಮಾಡಿದವರು. ಗಾಬರಿಯಾಗದೆ ಎದ್ದು ನಿಂತು ಹೇಳಿದರಂತೆ:

"ಸಾರ್, ನನ್ನ ಶಾಖೆಯಲ್ಲಿ ಎರಡೇ ರಿಜಿಸ್ಟರು ಇರೋದು. ಒಂದು ಜನನ, ಇನ್ನೊಂದು ಮರಣ. ಮಧ್ಯದಲ್ಲಿ ನಡೆಯೋದು ನಮ್ಗೆ ಬರಲ್ಲ."

ಹಾಗಾಗಿ ಅದು ರಜೆಯಲ್ಲಿದ್ದ ನನಗೆ ಬಂತು.

೨. ಉಲ್ಟಾ ಅಕ್ಷರ

ವ್ಯಾನಿನ ಮೇಲೆ ಏನೂ ಬರೆದಿರಲಿಲ್ಲ. ಊರಿನ ಪೇಂಟರನ್ನು ಕರೆಸಿದೆವು. ಅವನು ಸಿನಿಮಾ ಟೆಂಟಿಗೆ ಬೋರ್ಡು ಬರೆಯುತ್ತಿದ್ದವನು, ಕೈ ಚೆನ್ನಾಗಿತ್ತು. ಮುಖ್ಯಾಧಿಕಾರಿಗಳು ಮೈಸೂರಿನಲ್ಲಿ ನೋಡಿಕೊಂಡು ಬಂದಿದ್ದರು. "ಮುಂದ್ಗಡೆ ಅಕ್ಷರ ಉಲ್ಟಾ ಬರೀಬೇಕಪ್ಪ. ಮುಂದೆ ಹೋಗ್ತಿರೋ ಗಾಡಿಯವನ ಕನ್ನಡೀಲಿ ಅದು ಸರಿಯಾಗಿ ಕಾಣ್ಸುತ್ತೆ" ಅಂತ ಅವನಿಗೆ ತಿಳಿಸಿ ಹೇಳಿದರು.

ಪೇಂಟರಿಗೆ ಈ ವಿಷಯ ಬಹಳ ಹಿಡಿಸಿತು. ಎರಡು ದಿನ ಕೂತು ಬರೆದ. ಮೂರನೇ ದಿನ ಅಧ್ಯಕ್ಷರು ಬಂದು ನೋಡಿದರೆ, ಮುಂದುಗಡೆ "ಆಂಬುಲೆನ್ಸ್" ಉಲ್ಟಾ, ಎಡಗಡೆ ಪುರಸಭೆಯ ಹೆಸರು ಉಲ್ಟಾ, ಬಲಗಡೆ "ಉದ್ಘಾಟನೆ: ಮಾನ್ಯ ಅಧ್ಯಕ್ಷರು" ಅಂತ ಅವರ ಹೆಸರೂ ಉಲ್ಟಾ.

ಅಧ್ಯಕ್ಷರ ಮುಖ ಕೆಂಪಾಯಿತು. "ಏನ್ಲಾ ಇದು? ನನ್ ಹೆಸ್ರು ಓದಕ್ಕೆ ಜನ ಕನ್ನಡಿ ಹಿಡ್ಕಂಡು ಬರ್ಬೇಕೇನ್ಲಾ?"

"ಸಾಹೇಬ್ರು ಉಲ್ಟಾ ಅಂದ್ರು, ಅದ್ಕೇ..."

ಪಕ್ಕದಲ್ಲೇ ಕಬ್ಬಿನ ಗಾಡಿ ನಿಲ್ಲಿಸಿಕೊಂಡು ಬೀಡಿ ಹಚ್ಚುತ್ತಿದ್ದ ಒಬ್ಬ ರೈತ ಇದನ್ನೆಲ್ಲ ಕೇಳಿಸಿಕೊಂಡಿದ್ದ. ವ್ಯಾನನ್ನು ಮೇಲಿಂದ ಕೆಳಕ್ಕೆ ನೋಡಿದ. ಆಮೇಲೆ ತನ್ನ ಗಾಡಿಯನ್ನು ನೋಡಿದ. ಕಾರ್ಖಾನೆಗೆ ಕಬ್ಬು ಸಾಗುವ ಕಾಲ ಅದು, ನಮ್ಮ ರಸ್ತೆಯಲ್ಲಿ ಹತ್ತು ಗಾಡಿಗೆ ಎಂಟು ಎತ್ತಿನ ಗಾಡಿಯೇ.

"ಅಲ್ಲಾ ಸ್ವಾಮಿ, ಅದೆಲ್ಲ ಸರಿ" ಅಂದ. "ನನ್ ಎತ್ಗೊಳ್ಗೆ ಕನ್ನಡಿ ಎಲ್ಲಿ ಕಟ್ಟಾನ, ಕೊಂಬ್ಗೊ ಬಾಲಕ್ಕೊ?"

೩. ಮೊದಲ ಸವಾರಿ

ಉದ್ಘಾಟನೆ ಚೆನ್ನಾಗಿಯೇ ಆಯಿತು. ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು, ಬೂದುಗುಂಬಳ ಒಡೆದು, ಕಚೇರಿಯಲ್ಲಿ ಎಲ್ಲರಿಗೂ ಕೇಸರಿಬಾತು ಉಪ್ಪಿಟ್ಟು ಕೊಟ್ಟರು. ಆಮೇಲೆ ಅಧ್ಯಕ್ಷರು, "ಒಂದು ರೌಂಡು ಹೋಗಿ ಬರಾಣ, ಜನ ನೋಡ್ಲಿ" ಅಂದರು.

ಅಧ್ಯಕ್ಷರೂ ಸೇರಿ ಹನ್ನೊಂದು ಜನ ಸದಸ್ಯರು ಹಾರ ಹಾಕಿಕೊಂಡೇ ಹಿಂದೆ ಹತ್ತಿದರು. ಮಧ್ಯದಲ್ಲಿದ್ದ ಸ್ಟ್ರೆಚರಿನ ಮೇಲೆ ಕೂರಲು ಮಾತ್ರ ಯಾರೂ ಒಪ್ಪಲಿಲ್ಲ. ಮೊದಲನೇ ದಿನವೇ ಅದರ ಮೇಲೆ ಕೂತರೆ ಅದೇ ಅಭ್ಯಾಸ ಆಗುತ್ತೆ ಅಂತ ಹಿರಿಯ ಸದಸ್ಯರೊಬ್ಬರು ಹೇಳಿದ್ದರು. ಎಲ್ಲರೂ ಅದರ ಸುತ್ತ ಸೊಂಟ ಬಗ್ಗಿಸಿ, ಮೊಣಕಾಲ ಮೇಲೆ ಕೈ ಊರಿಕೊಂಡು ನಿಂತರು. ಡ್ರೈವರು ಸೈರನ್ನು ಪರೀಕ್ಷೆ ಮಾಡಲು ಒತ್ತಿದ. ಹೊಸ ಸ್ವಿಚ್ಚು, ಒತ್ತಿದ್ದು ಒತ್ತಿಕೊಂಡೇ ಉಳಿಯಿತು.

ಪೇಟೆ ಬೀದಿಯಲ್ಲಿ ಸೈರನ್ನು ಕೂಗುತ್ತಾ ವ್ಯಾನು ಹೋದಾಗ ಜನ ಹಿಂದಿನ ಗಾಜಿನಲ್ಲಿ ಇಣುಕಿದರು. ಇಡೀ ಪುರಸಭೆ ಹೊಟ್ಟೆನೋವು ಬಂದವರ ಹಾಗೆ ಬಗ್ಗಿ ನಿಂತಿದೆ! ದಿನಸಿ ಅಂಗಡಿಯವರೊಬ್ಬರು, "ಕೇಸರಿಬಾತು ಕಣ್ರಯ್ಯ, ಕೇಸರಿಬಾತು" ಅಂದರು. ಅಷ್ಟು ಸಾಕಾಯಿತು.

ವ್ಯಾನು ಊರು ಸುತ್ತಿ ಆಸ್ಪತ್ರೆಯ ಅಂಗಳಕ್ಕೆ ಬರುವ ಹೊತ್ತಿಗೆ ಅಲ್ಲಿ ನಿಲ್ಲಲು ಜಾಗವಿಲ್ಲ. ಸದಸ್ಯರ ಹೆಂಡತಿಯರು ಅಳುತ್ತಿದ್ದಾರೆ. ಅಧ್ಯಕ್ಷರ ಮನೆಯವರು ಒಂದು ಚೊಂಬು ಮಜ್ಜಿಗೆ ಹಿಡಿದು ನಿಂತಿದ್ದಾರೆ. ಡಾಕ್ಟರು ಕೊಳವೆ, ಬಕೆಟ್ಟು ಸಾಲಾಗಿ ಜೋಡಿಸಿ ತೋಳು ಮಡಚಿಕೊಂಡಿದ್ದಾರೆ. ಬಾಗಿಲು ತೆರೆಯಿತು. ಹನ್ನೊಂದು ಜನರೂ ಕೈಮುಗಿಯುತ್ತಾ ಇಳಿದರು. ಅಧ್ಯಕ್ಷರ ಕಣ್ಣು ತೇವವಾಗಿತ್ತು. "ಇಷ್ಟು ಜನ ಸ್ವಾಗತಕ್ಕೆ ಬತ್ತಾರೆ ಅಂತ ನಾನು ಅಂದ್ಕಂಡಿರ್ಲಿಲ್ಲ ಕಣಪ್ಪ" ಅಂತ, ಡ್ರೈವರ ಪಕ್ಕದಿಂದ ಇಳಿದು ಬಂದ ನನ್ನ ಕಿವಿಯಲ್ಲಿ ಹೇಳಿದರು.

ಗುಂಪಿನಲ್ಲಿ ಅಧ್ಯಕ್ಷರ ಎದುರು ಚುನಾವಣೆ ಸೋತ ಅಭ್ಯರ್ಥಿಯೂ ಇದ್ದರು. ಪಾಪ, ಚಪ್ಪಲಿ ಕೂಡ ಹಾಕಿಕೊಳ್ಳದೆ ಓಡಿ ಬಂದಿದ್ದರು. ಒಬ್ಬೊಬ್ಬರೂ ಇಳಿಯುವುದನ್ನು ಬೆರಳು ಮಡಚಿ ಎಣಿಸಿದರು. ಹನ್ನೊಂದೂ ಮುಗಿದ ಮೇಲೆ ಡಾಕ್ಟರ ಪಕ್ಕಕ್ಕೆ ಸರಿದು ಮೆಲ್ಲಗೆ ಕೇಳಿದರು:

"ಒಬ್ಬರ್ಗೂ ಏನೂ ಆಗಿಲ್ವಾ ಸಾ?"

೪. ರೋಗಿ ಬೇಕಾಗಿದ್ದಾರೆ

ಮೊದಲ ತಿಂಗಳು ಆಂಬುಲೆನ್ಸು ಹತ್ತಲು ಯಾರೂ ಬರಲಿಲ್ಲ. ಅದನ್ನು ಹತ್ತಿದವರು ವಾಪಸು ಬರುವುದಿಲ್ಲ ಅನ್ನುವ ಮಾತು ಹಬ್ಬಿತ್ತು. ಜ್ವರ ಬಂದವರು ಆಟೋದಲ್ಲಿ ಹೋಗುತ್ತಿದ್ದರು, ಕಾಲು ಮುರಿದವರು ಟ್ರಾಕ್ಟರಿನಲ್ಲಿ. ವ್ಯಾನು ಕಚೇರಿಯ ಹೊಂಗೆ ಮರದ ಕೆಳಗೆ ಸುಮ್ಮನೆ ನಿಂತಿತ್ತು. ಅದರ ಕೆಳಗೆ ಒಂದು ನಾಯಿ ಮರಿ ಹಾಕಿತು.

ಆಗ ಮಂಡ್ಯದಿಂದ ಎರಡನೇ ಪತ್ರ ಬಂತು. ಉಪಯೋಗವಿಲ್ಲದ ವಾಹನಗಳನ್ನು ನೆರೆಯ ತಾಲ್ಲೂಕಿಗೆ ವರ್ಗಾಯಿಸಲಾಗುವುದು. ಇದನ್ನು ಓದಿ ಅಧ್ಯಕ್ಷರು ಎದ್ದೇ ನಿಂತರು. ಪಕ್ಕದ ತಾಲ್ಲೂಕಿಗೆ ವಾಹನ ಹೋಗುವುದು ಅಂದರೆ ಮರ್ಯಾದೆಯ ಪ್ರಶ್ನೆ. ತುರ್ತು ಸಭೆ ಕರೆದು, "ಪ್ರತಿ ವಾರ್ಡಿಂದಲೂ ಒಬ್ಬೊಬ್ಬ ರೋಗೀನ ಕೊಡ್ಬೇಕು" ಅಂದರು.

ಮೂರನೇ ವಾರ್ಡಿನ ಸದಸ್ಯರು ಮಾತಿಗೆ ತಪ್ಪದವರು. ಅವರ ಅತ್ತೆಗೆ ಮಂಡಿನೋವಿತ್ತು. ಮರುದಿನ ಬೆಳಿಗ್ಗೆಯೇ ವ್ಯಾನು ಅವರ ಮನೆ ಮುಂದೆ ನಿಂತಿತು, ಸೈರನ್ನಿನ ಸಮೇತ. ದಾಖಲೆ ಬರೆಯಲು ನಾನೂ ಹೋಗಿದ್ದೆ. ಮುದುಕಿ ಹೊರಗೆ ಬಂದು, ವ್ಯಾನು ನೋಡಿ, ಸುತ್ತ ಸೇರಿದ ಜನ ನೋಡಿ, ಅಳಿಯನನ್ನು ನೋಡಿದರು.

"ಏನಪ್ಪಾ, ನಾನು ಅಷ್ಟು ಬ್ಯಾಡ್ವಾದ್ನಾ?"

"ಅಂಗಲ್ಲ ಅತ್ತೆ, ಊರಿನ್ ಮರ್ವಾದೆ ಪ್ರಶ್ನೆ. ಒಸಿ ಮಲೀಕಳ್ಳಿ, ಹತ್ತು ನಿಮಿಷ."

"ಆಸ್ಪತ್ರೆಗೆ ತಾನೆ? ಬತ್ತೀನಿ. ಆದ್ರೆ ನಡ್ಕಂಡ್ ಬತ್ತೀನಿ. ಇವತ್ತಿನ್ ಗಂಟ ಒಬ್ರ ಕೈಲಿ ಎತ್ತುಸ್ಕಂಡಿಲ್ಲ" ಅಂದವರೇ ಸೆರಗು ಸಿಕ್ಕಿಸಿಕೊಂಡು ಹೊರಟೇಬಿಟ್ಟರು.

ಅಳಿಯ ಏನು ಮಾಡಬೇಕು? ಡ್ರೈವರಿಗೆ ಕೈ ತೋರಿಸಿದರು. ಮುದುಕಿ ಮುಂದೆ, ಆಂಬುಲೆನ್ಸು ಹಿಂದೆ, ನಾನು ಅದರ ಹಿಂದೆ ಸೈಕಲ್ಲಿನಲ್ಲಿ. ಮುದುಕಿ ಹೂವಿನ ಅಂಗಡಿ ಹತ್ತಿರ ನಿಂತು ಮಾತಾಡಿದರೆ ವ್ಯಾನೂ ನಿಲ್ಲುತ್ತಿತ್ತು. ಅವರು ಗಲ್ಲಿಯೊಳಗೆ ನುಗ್ಗಿ ಅಡ್ಡದಾರಿ ಹಿಡಿದರೆ ವ್ಯಾನು ಸುತ್ತಿಕೊಂಡು ಬರುತ್ತಿತ್ತು. ಹಾಗೆ ಆಸ್ಪತ್ರೆ ತಲುಪಿದೆವು.

ವಾಹನದ ದಾಖಲೆ ಪುಸ್ತಕದಲ್ಲಿ ಒಂದು ಅಂಕಣವಿತ್ತು, "ಆಸ್ಪತ್ರೆ ತಲುಪಿದಾಗ ರೋಗಿಯ ಸ್ಥಿತಿ" ಅಂತ. ನಾನು ಸುಳ್ಳು ಬರೆಯುವವನಲ್ಲ. "ವಾಹನಕ್ಕಿಂತ ಹತ್ತು ನಿಮಿಷ ಮುಂದಿದ್ದಾರೆ" ಅಂತ ಬರೆದೆ.

೫. ಹುಣಸೆ ಮರದ ಕೆಳಗೆ

ನಿಜವಾದ ಮೊದಲ ಕರೆ ಬಂದದ್ದು ಊರಿನ ಅಂಚಿನಿಂದ. ಹುಣಸೆಹಣ್ಣು ಉದುರಿಸಲು ಮರ ಹತ್ತಿದ್ದ ಒಬ್ಬ ರೈತ ಕೊಂಬೆ ಮುರಿದು ಬಿದ್ದಿದ್ದ. ಕಾಲು ಮುರಿದಿತ್ತು. ವ್ಯಾನು ಐದೇ ನಿಮಿಷದಲ್ಲಿ ಹೋಯಿತು, ಆದರೆ ಮರಕ್ಕಿಂತ ಹತ್ತು ಮಾರು ಈಚೆಗೇ ನಿಂತುಬಿಟ್ಟಿತು. ಡ್ರೈವರು ಕಳಿಸಿದ ಒಬ್ಬ ಹುಡುಗ ಕಚೇರಿಗೆ ಓಡಿ ಬಂದು ನನಗೆ ಹೇಳಿದ, "ಮ್ಯಾಪು ತಗಂಡ್ ಬರ್ಬೇಕಂತೆ."

ವಿಷಯ ಏನೆಂದರೆ, ವಾಹನ ಪುರಸಭೆಯ ಎಲ್ಲೆ ದಾಟಬಾರದು ಅಂತ ಸಭೆಯಲ್ಲಿ ಠರಾವಾಗಿತ್ತು. ಆ ಮರದ ಬುಡದಲ್ಲಿಯೇ ಗಡಿಕಲ್ಲು. ಆಚೆ ಗ್ರಾಮ ಪಂಚಾಯಿತಿ. ನಾನು ನಕ್ಷೆ ಸುತ್ತಿಕೊಂಡು ಸೈಕಲ್ಲು ತುಳಿದು ಹೋದೆ.

ಅಲ್ಲಿ ಆಗಲೇ ಪಂಚಾಯಿತಿ ಸದಸ್ಯರೊಬ್ಬರು ಬಂದು ನಿಂತಿದ್ದರು. "ನಮ್ ಪಂಚಾಯ್ತೀಲಿ ಗಾಡಿ ಇಲ್ಲ ಸ್ವಾಮಿ. ಇದು ನಿಮ್ದೇ ಜವಾಬ್ದಾರಿ" ಅಂದರು.

"ಮರ ನಿಮ್ಮ ಕಡೆ ಇದೆಯಲ್ಲ" ಅಂದೆ.

"ಮರ ನಮ್ದೇ. ಕೊಂಬೆ ನಿಮ್ ಕಡೀಕ್ ಚಾಚ್ಕಂಡದೆ. ಮುರ್ದಿದ್ದು ಕೊಂಬೆ ತಾನೆ?"

ನಾನು ನೆಲದ ಮೇಲೆ ನಕ್ಷೆ ಹರಡಿ, ಕಲ್ಲಿನಿಂದ ಕಲ್ಲಿಗೆ ನೋಡಿದೆ. ಆ ಮನುಷ್ಯ ಬಿದ್ದದ್ದು ಸರಿಯಾಗಿ ಗೆರೆಯ ಮೇಲೆ. ತಲೆ, ಎದೆ ಪಂಚಾಯಿತಿಯಲ್ಲಿ. ಸೊಂಟದಿಂದ ಕೆಳಗೆ ಪುರಸಭೆಯಲ್ಲಿ. ಈಗ ನೆನೆದರೆ ನಾಚಿಕೆಯಾಗುತ್ತದೆ. ಆದರೆ ಆಗ ನಾನು ಬಹಳ ಗಂಭೀರವಾಗಿ, ದೇಹದ ಹೆಚ್ಚಿನ ಭಾಗ ಯಾವ ಕಡೆ ಇದೆ ಅಂತ ಲೆಕ್ಕ ಹಾಕುತ್ತಿದ್ದೆ. ಅವನ ಹೆಂಡತಿ ತಲೆಯ ಹತ್ತಿರ ಕೂತು, "ಅಳೀರಪ್ಪ, ಅಳೀರಿ. ನೀವು ಅಳ್ದು ಮುಗ್ಸಗಂಟ ಮೂಳೆ ತಾನೇ ಕೂಡ್ಕಂಡಿರ್ತದೆ" ಅನ್ನುತ್ತಿದ್ದಳು.

ಅಷ್ಟೂ ಹೊತ್ತು ಹಲ್ಲು ಕಚ್ಚಿಕೊಂಡು ಮಲಗಿದ್ದ ಆ ಮನುಷ್ಯ ಕತ್ತು ಎತ್ತಿ ನನ್ನನ್ನು ಕರೆದ.

"ಸ್ವಾಮಿ, ನಿಮ್ಗೆ ತೊಂದ್ರೆ ಬ್ಯಾಡ. ಮುರ್ದಿರೋ ಕಾಲು ನಿಮ್ ಕಡೆ ಅದೆ. ಅದ್ನ ತಗಂಡು ನೀವು ಮುಂದೆ ಓಗಿರಿ. ಮಿಕ್ಕಿದ್ದು ನಾನು ಇಂದ್ಗಡೆ ಎತ್ತಿನ್ ಗಾಡೀಲಿ ಬತ್ತೀನಿ."

೬. ಸ್ಟಾಪಿನಲ್ಲಿ ನಿಲ್ಲುವ ಆಂಬುಲೆನ್ಸು

ಅದಾದ ಮೇಲೆ ಸಭೆಯವರು ಮನಸ್ಸು ಮಾಡಿ, ವಾಹನ ಇಡೀ ತಾಲ್ಲೂಕಿನಲ್ಲಿ ಓಡಬಹುದು, ಅಗತ್ಯ ಬಿದ್ದರೆ ಮೈಸೂರಿಗೂ ಹೋಗಬಹುದು ಅಂತ ಠರಾವು ಬದಲಿಸಿದರು. ಆಗ ನಮ್ಮ ಡ್ರೈವರಿನ ಹಳೇ ಗುಣ ಹೊರಬಿತ್ತು.

ಅವನು ಹದಿನೆಂಟು ವರ್ಷ ಖಾಸಗಿ ಬಸ್ಸು ಓಡಿಸಿದವನು. ಕೈಯಲ್ಲಿ ಕೆಲಸವಿತ್ತು, ಸೊಕ್ಕು ಇರಲಿಲ್ಲ. ಆದರೆ ರಸ್ತೆ ಬದಿಯಲ್ಲಿ ಯಾರಾದರೂ ಕೈ ಅಡ್ಡ ಹಾಕಿದರೆ ಅವನ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಗುತ್ತಿತ್ತು. ನಮ್ಮ ಕಡೆ ಆಗ ಮಧ್ಯಾಹ್ನದ ಹೊತ್ತು ಎರಡು ಗಂಟೆಗೊಂದು ಬಸ್ಸು. ಕೈ ಅಡ್ಡ ಹಾಕುವವರಿಗೆ ಕೊರತೆ ಇರಲಿಲ್ಲ.

ಒಂದು ದಿನ ಹಳ್ಳಿಯಿಂದ ವಾಂತಿಭೇದಿ ಆಗಿದ್ದ ಒಬ್ಬ ಯುವಕನನ್ನು ಆಸ್ಪತ್ರೆಗೆ ಕರೆತರಬೇಕಿತ್ತು. ಒಬ್ಬನನ್ನೇ ಹತ್ತಿಸಿಕೊಂಡು ಹೊರಟ. ಮುಂದಿನ ಕ್ರಾಸಿನಲ್ಲಿ ಒಬ್ಬ ಮೇಷ್ಟ್ರು ಕೈ ಹಾಕಿದರು. ಆಮೇಲೆ ಇಬ್ಬರು ಹೆಂಗಸರು. ಆಮೇಲೆ ಸಂತೆಗೆ ಬದನೆಕಾಯಿ ಮೂಟೆ ಹೊತ್ತು ಹೊರಟಿದ್ದ ಒಂದು ಅಜ್ಜಿ, ಕಂಕುಳಲ್ಲಿ ಒಂದು ಹುಂಜದ ಸಮೇತ.

ಆಸ್ಪತ್ರೆಯ ಮುಂದೆ ಡಾಕ್ಟರು ಕಾಯುತ್ತಿದ್ದರು. ಗಾಡಿ ನಿಂತಿತು, ಡ್ರೈವರು ಅಭ್ಯಾಸಬಲದಿಂದ "ಆಸ್ಪತ್ರೆ, ಆಸ್ಪತ್ರೆ, ಯಾರ್ ಇಳ್ಯೋರು ಇಳ್ಕಳಿ!" ಅಂತ ಕೂಗಿದ. ಹಿಂದಿನ ಬಾಗಿಲು ತೆರೆದರೆ ಒಳಗೆ ಐದು ಜನ. ಸ್ಟ್ರೆಚರಿನ ಮೇಲೆ ಅಜ್ಜಿ ಕಾಲು ಚಾಚಿ ಮಲಗಿತ್ತು, ಎದೆಯ ಮೇಲೆ ಹುಂಜ. ಡಾಕ್ಟರು ಆತುರದಲ್ಲಿ ಅಜ್ಜಿಯ ನಾಡಿ ಹಿಡಿದು, "ವಾಂತಿ ಎಷ್ಟು ಸಲ ಆಯ್ತು?" ಅಂದರು.

"ನಂಗ್ಯಾಕಪ್ಪ ವಾಂತಿ? ನಾನು ಬದ್ನೆಕಾಯ್ ಮಾರಕ್ ಬಂದೋಳು" ಅಂದಿತು ಅಜ್ಜಿ.

"ಮತ್ತೆ ರೋಗಿ ಯಾರು?"

ಮೂಲೆಯಲ್ಲಿ ಮೇಲಿನ ಕಂಬಿ ಹಿಡಿದುಕೊಂಡು ತೂರಾಡುತ್ತಾ ನಿಂತಿದ್ದ ಯುವಕ ಕೈ ಎತ್ತಿದ.

"ನಾನೇ ಸಾ. ಅಜ್ಜಿಗೆ ಕಾಲ್ನೋವಂತೆ. ಅದ್ಕೇ ಎದ್ದು ಸೀಟ್ ಬುಟ್ಕೊಟ್ಟೆ."

೭. ಹುಟ್ಟಿದ ಸ್ಥಳ

ತಿಂಗಳು ತುಂಬಿದ ಒಬ್ಬ ಹೆಂಗಸನ್ನು ಮೇಲುಕೋಟೆ ಕಡೆಯಿಂದ ಕರೆತರುವಾಗ ದಾರಿಯಲ್ಲೇ ಹೆರಿಗೆಯಾಯಿತು. ಜೊತೆಯಲ್ಲಿ ಆಸ್ಪತ್ರೆಯ ಸಿಸ್ಟರು ಇದ್ದದ್ದು ಪುಣ್ಯ. ಮಗು ಹೆಣ್ಣು, ತಾಯಿ ಮಗು ಇಬ್ಬರೂ ಚೆನ್ನಾಗಿದ್ದರು.

ಕಷ್ಟ ಶುರುವಾದದ್ದು ಹದಿನೈದು ದಿನದ ಮೇಲೆ, ಅಪ್ಪ ಜನನ ಪತ್ರಕ್ಕೆ ಬಂದಾಗ. ನಮ್ಮ ಆರೋಗ್ಯ ನಿರೀಕ್ಷಕರು ಜನನದ ರಿಜಿಸ್ಟರು ತೆಗೆದು, "ಎಲ್ಲಿ ಹುಟ್ಟಿದ್ದು?" ಅಂದರು. "ರೋಡಲ್ಲಿ" ಅಂದ. "ರೋಡು ನಮ್ಮ ಎಲ್ಲೆಯಲ್ಲಿ ಬರಲ್ಲ, ಪಂಚಾಯಿತಿಗೆ ಹೋಗಿ" ಅಂತ ಕಳಿಸಿದರು. ಪಂಚಾಯಿತಿಯವರು, "ಪುರಸಭೆ ಗಾಡಿಯೊಳಗೆ ಹುಟ್ಟಿದ್ದಕ್ಕೆ ನಾವು ಹೆಂಗೆ ಬರ್ಕೊಡೋದು?" ಅಂತ ವಾಪಸು ಕಳಿಸಿದರು. ಅವನು ಮೂರು ಸಲ ಓಡಾಡಿದ ಮೇಲೆ ನನ್ನ ಮೇಜಿನ ಮುಂದೆ ಬಂದು ಕೂತು, "ಸ್ವಾಮಿ, ಮಗು ಹುಟ್ಟಿರೋದು ದಿಟ. ಮನೇಲಿ ಅಳ್ತಾ ಅದೆ. ಬೇಕಾರೆ ತಂದ್ ತೋರುಸ್ತೀನಿ" ಅಂದ.

ಮುಖ್ಯಾಧಿಕಾರಿಗಳು ಡ್ರೈವರನ್ನು ಕರೆಸಿ ಹೇಳಿಕೆ ತೆಗೆದುಕೊಳ್ಳಿ ಅಂದರು. ನಾನು ಬಿಳಿ ಹಾಳೆ ಮೇಲೆ ಬರೆಯಲು ಕೂತೆ.

"ಮಗು ಹುಟ್ಟಿದಾಗ ಗಾಡಿ ಸರಿಯಾಗಿ ಎಲ್ಲಿತ್ತು?" ಅಂತ ಕೇಳಿದೆ.

"ಏರು ಮುಗ್ದಿತ್ತು ಸಾ."

"ಏರು ಮುಗಿದು ಎಷ್ಟು ದೂರ?"

"ದೂರ ಇಲ್ಲ. ಆಗಷ್ಟೇ ಸೆಕೆಂಡಿಂದ ಥರ್ಡ್‌ಗೆ ಹಾಕ್ದೆ. ಇಂದ್ಗಡೆಯಿಂದ ಕ್ಯಾರ್ ಅಂತು."

"ಆಗ ನಿಲ್ಲಿಸಿದೆಯಾ?"

"ಇಲ್ಲ ಸಾ." ಡ್ರೈವರು ತಲೆ ಕೆರೆದುಕೊಂಡ. "ನಾನು ಗೇರ್‌ಬಾಕ್ಸು ಅಂದ್ಕಂಡೆ. ವಾಪಸ್ ಸೆಕೆಂಡ್‌ಗೆ ಹಾಕ್ದೆ."

೮. ತರ್ತಾ ಇದೀವಿ

ಇದರಲ್ಲಿ ತಪ್ಪು ನನ್ನದು. ಹಾಗಾಗಿ ಕೊನೆಗೆ ಇಟ್ಟುಕೊಂಡಿದ್ದೇನೆ.

ವಾಹನದ ಕಾಗದಪತ್ರದ ಕೆಲಸಕ್ಕೆ ನಾನೂ ಡ್ರೈವರೂ ಒಂದು ಬೆಳಿಗ್ಗೆ ಆಂಬುಲೆನ್ಸಿನಲ್ಲಿಯೇ ಮೈಸೂರಿಗೆ ಹೋಗಿದ್ದೆವು. ವಾರದ ಹಿಂದೆ ಸಂತೆಬಾಚಹಳ್ಳಿ ಕಡೆಯ ಒಬ್ಬ ಯಜಮಾನರನ್ನು ಇದೇ ಗಾಡಿಯಲ್ಲಿ ಮೈಸೂರಿನ ಆಸ್ಪತ್ರೆಗೆ ಬಿಟ್ಟಿದ್ದೆವು. ಹರ್ನಿಯಾ ಕೆಟ್ಟು, ತುರ್ತಾಗಿ ಆಪರೇಷನ್ ಆಗಬೇಕಿತ್ತು. ಊರಿನವರು ಆಸೆ ಬಿಟ್ಟಿದ್ದರು. ಹೇಗಿದ್ದಾರೋ ನೋಡೋಣ ಅಂತ ಹೋದರೆ, ಮಂಚದ ಮೇಲೆ ಕೂತು ಇಡ್ಲಿ ತಿನ್ನುತ್ತಿದ್ದಾರೆ. ಅವತ್ತೇ ಮನೆಗೆ ಹೋಗಬಹುದು ಅಂತ ಡಾಕ್ಟರು ಬರೆದುಕೊಟ್ಟಿದ್ದರು. ಹೊಲಿಗೆ ಹಸಿಯಿತ್ತು. ಅವರ ಹೆಂಡತಿ, "ಬಸ್ಸಲ್ಲಿ ಎಂಗಪ್ಪ ಕರ್ಕಂಡೋಗ್ಲಿ?" ಅಂತ ಯೋಚನೆ ಮಾಡುತ್ತಿದ್ದರು. ಖಾಲಿ ಹೋಗುವ ಗಾಡಿ, ನಮ್ಮ ಜೊತೆಗೇ ಬನ್ನಿ ಅಂದೆ.

ಊರಿಗೆ ತಿಳಿಸಿಬಿಡೋಣ ಅಂತ ಆಸ್ಪತ್ರೆಯ ಎದುರಿನ ಎಸ್‌ಟಿಡಿ ಬೂತಿನಿಂದ ಅವರೂರಿನ ಹಾಲಿನ ಡೇರಿಗೆ ಫೋನು ಮಾಡಿದೆ. ಇಡೀ ಊರಿಗೆ ಅದೊಂದೇ ಫೋನು. ಡೇರಿಯ ಸೆಕ್ರೆಟರಿ ಎತ್ತಿದರು. ಲೈನಿನಲ್ಲಿ ಗೊರಗೊರ ಶಬ್ದ.

ನಾನು ಗಟ್ಟಿಯಾಗಿ, "ನಿಮ್ಮೂರಿನ ಯಜಮಾನರನ್ನ ಆಂಬುಲೆನ್ಸಲ್ಲಿ ತರ್ತಾ ಇದೀವಿ!" ಅಂದೆ.

ಕರ್ಕೊಂಡು ಬರ್ತಾ ಇದೀವಿ ಅನ್ನಬೇಕಿತ್ತು. ಗುಮಾಸ್ತನ ಬಾಯಿ, ಫೈಲು ತರೋದು, ರಿಜಿಸ್ಟರು ತರೋದು, ಅದೇ ಬಂತು.

ಆ ಕಡೆಯಿಂದ ಸೆಕ್ರೆಟರಿ ಕೂಗಿದರು, "ಅಯ್ಯೋ ಶಿವ್ನೇ! ಯಾವಾಗ ಆಯ್ತು ಸಾ?"

"ಹತ್ತು ಗಂಟೆಗೆ ಬಿಡುಗಡೆ ಆಯ್ತು."

"ಬಾಳ ನರಳುದ್ರಾ?"

"ಮೊದಮೊದಲು ನರಳಿದ್ರಂತೆ. ಈಗ ನೆಮ್ಮದಿಯಾಗಿದ್ದಾರೆ."

"ಊಂ... ಇನ್ನೇನು, ನೆಮ್ದಿನೇ ಬುಡಿ" ಅಂದು ಅವರು ಫೋನು ಇಟ್ಟರು. ಒಳ್ಳೆಯ ಮನುಷ್ಯ, ಎಷ್ಟು ಕಾಳಜಿಯಿಂದ ವಿಚಾರಿಸಿದರು ಅಂದುಕೊಂಡೆ.

ದಾರಿಯಲ್ಲಿ ಯಜಮಾನರು ತಮ್ಮ ಮನೆಯ ಕಥೆ ಹೇಳಿದರು. ಅವರಿಗೂ ಅವರ ಅಣ್ಣನಿಗೂ ಹದಿನಾಲ್ಕು ವರ್ಷದಿಂದ ಮಾತಿಲ್ಲ. ಇವರ ಹೊಲಕ್ಕೆ ಹೋಗುವ ಗಾಡಿದಾರಿ ಅಣ್ಣನ ಜಮೀನಿನಲ್ಲಿತ್ತು. ಪಾಲಾದ ಮೇಲೆ ಏನೋ ಮಾತಿಗೆ ಮಾತು ಬೆಳೆದು ಅಣ್ಣ ಮುಳ್ಳುಬೇಲಿ ಹಾಕಿಬಿಟ್ಟ. ಅವತ್ತಿನಿಂದ ಗೊಬ್ಬರ, ರಾಗಿ ಹೊರೆ, ಎಲ್ಲವೂ ತಲೆಯ ಮೇಲೆಯೇ. "ಈ ಅರ್ನಿಯಾ ಬಂದಿದ್ದೂ ಆ ಹೊರೆ ಹೊತ್ತೇ ಕಣ್ ಸಾ" ಅಂದರು. ಪಾಂಡವಪುರ ದಾಟುವ ಹೊತ್ತಿಗೆ ಸ್ಟ್ರೆಚರಿನ ಮೇಲೆ ಮಲಗಿ ಹಾಗೇ ನಿದ್ದೆ ಹೋದರು. ಅವರ ಹೆಂಡತಿ ಹೊಲಿಗೆಗೆ ಗಾಳಿ ತಾಗಬಾರದೆಂದು ಮೇಲೆ ಒಂದು ಬಿಳೀ ಪಂಚೆ ಹೊದಿಸಿದರು.

ಮಧ್ಯಾಹ್ನ ಮೂರಕ್ಕೆ ಊರು ಸೇರಿದೆವು. ಇಡೀ ಊರು ಬೀದಿಯಲ್ಲಿ ನಿಂತಿತ್ತು. ಮನೆ ಮುಂದೆ ಹಸಿ ಬಿದಿರು, ಸೌದೆ ಹೊಗೆ, ಒಂದು ಹೊಸ ಮಡಕೆ. ಏಳೆಂಟು ಗಂಡಸರು ಹಾರೆ, ಗುದ್ದಲಿ ಹಿಡಿದು ಆಗ ತಾನೆ ಹೊಲದ ಕಡೆ ಹೊರಡುತ್ತಿದ್ದರು. ನಾನು ಫೋನಿನಲ್ಲಿ ಆಡಿದ ಮಾತಿನ ಅರ್ಥ ಮುಂದೆ ಕೂತಿದ್ದ ನನಗೆ ಆಗ ಹೊಳೆಯಿತು. ಆದರೆ ಗಾಡಿ ನಿಲ್ಲುವ ಮೊದಲೇ ಒಬ್ಬ ದಪ್ಪ ಮೀಸೆಯ ಮುದುಕರು ಓಡಿ ಬಂದು ಹಿಂದಿನ ಬಾಗಿಲ ಮೇಲೆ ಬಿದ್ದುಬಿಟ್ಟರು. ಅದೇ ಅಣ್ಣ.

"ಅಯ್ಯೋ ನನ್ ತಮ್ಮಾ! ಓದ್ಯಲ್ಲೋ! ಒಂದ್ ಮಾತ್ ಆಡ್ದೆ ಓದ್ಯಲ್ಲೋ! ನಾನ್ ಪಾಪಿ ಕಣ್ಲಾ, ನಿಂಗೆ ದಾರಿ ಬುಡ್ಲಿಲ್ಲ ಕಣ್ಲಾ!"

ಒಳಗೆ ಯಜಮಾನರಿಗೆ ಎಚ್ಚರವಾಯಿತು. ಚಾಲಕನ ಹಿಂದಿನ ಕಿಂಡಿಯಲ್ಲಿ ನಾನು ನೋಡುತ್ತಿದ್ದೆ. ಅವರ ಹೆಂಡತಿ ಬಾಯಿ ತೆರೆದು ಕೂಗಲು ಹೋದರು. ಯಜಮಾನರು ಆಕೆಯ ಕೈ ಗಟ್ಟಿಯಾಗಿ ಹಿಡಿದು, "ಸುಮ್ಕಿರಮ್ಮಿ" ಅಂದರು. "ಇನ್ನೂ ಏನೇನ್ ಯೋಳ್ತಾನೆ ಕೇಳಾವ."

ಹೊರಗೆ ಅಣ್ಣ ಬಾಗಿಲು ಬಡಿಯುತ್ತಿದ್ದರು. "ಎದ್ದು ಬಾರೋ ತಮ್ಮಾ! ಒಂದ್ ಸಲ ಎದ್ದು ಬಾರೋ! ಇವತ್ತೇ ಬೇಲಿ ಕಿತ್ತಾಕ್ತೀನಿ! ಗಾಡಿ ಏನ್ಲಾ, ಲಾರಿ ಓಡ್ಸ್ಕಳ್ಲಾ! ಊರಿನ್ ಮುಂದೆ ಯೋಳ್ತಾ ಇವ್ನಿ, ದಾರಿ ನಿಂದೇ ಕಣ್ಲಾ!"

ಒಳಗಿನಿಂದ ಯಜಮಾನರು ಬಾಗಿಲ ಚಿಲಕ ತೆಗೆದರು. ಬಿಳೀ ಪಂಚೆ ಹೆಗಲ ಮೇಲೆ ಹಾಕಿಕೊಂಡು, ಹೊಟ್ಟೆಯ ಮೇಲೆ ಒಂದು ಕೈ ಇಟ್ಟುಕೊಂಡು, ನಿಧಾನವಾಗಿ ಕೆಳಗೆ ಇಳಿದರು.

"ಎದ್ದು ಬಂದಿವ್ನಿ ಕಣಣ್ಣೋ" ಅಂದರು. "ಬೇಲಿ ಯಾವಾಗ ಕೀಳ್ತೀಯೆ?"

ಹೆಂಗಸರು ಕಿರುಚಿಕೊಂಡು ಓಡಿದರು. ಗುದ್ದಲಿ ಹಿಡಿದಿದ್ದ ಒಬ್ಬ ತಿಪ್ಪೆಯೊಳಗೆ ಬಿದ್ದ. ಅಣ್ಣ ಮಾತ್ರ ಕದಲಲಿಲ್ಲ. ಎರಡು ಹೆಜ್ಜೆ ಮುಂದೆ ಬಂದು ತಮ್ಮನ ಕೆನ್ನೆ, ಭುಜ, ಕೈ ಎಲ್ಲ ಮುಟ್ಟಿ ಮುಟ್ಟಿ ನೋಡಿದರು. ಬೆಚ್ಚಗಿದೆ ಅಂತ ಖಾತ್ರಿಯಾದ ಮೇಲೆ ತಬ್ಬಿಕೊಂಡು ಮತ್ತೊಂದು ಸಲ ಅತ್ತರು. ಹದಿನಾಲ್ಕು ವರ್ಷ ಮಾತಾಡದವರು ಇಬ್ಬರೂ ಒಟ್ಟಿಗೆ ಮಾತಾಡುತ್ತಿದ್ದರು, ಒಬ್ಬರದೂ ಅರ್ಥವಾಗುತ್ತಿರಲಿಲ್ಲ. ಊರಿನ ಹಿರಿಯರೊಬ್ಬರು ಗಂಟಲು ಸರಿಮಾಡಿಕೊಂಡು, "ಎಂಗೂ ಎಲ್ರೂ ಹಾರೆ ಗುದ್ಲಿ ತಂದಿದ್ದೀರಿ. ಬರಿಗೈಲಿ ಮನೀಗ್ ಓಗ್ಬ್ಯಾಡಿ" ಅಂದರು. ಗುಂಡಿ ತೋಡಲು ಹೊರಟ ಆ ಏಳೆಂಟು ಜನವೇ ಹೋಗಿ ಸಂಜೆಯೊಳಗೆ ಬೇಲಿ ಕಿತ್ತರು. ನಾವು ಕಾಫಿ ಕುಡಿದು ಹೊರಡುವ ಹೊತ್ತಿಗೆ ಹೊಲಕ್ಕೆ ಗಾಡಿ ಹೋಗುವಷ್ಟು ಜಾಗ ಕಾಣುತ್ತಿತ್ತು.

ನಾನು ಗಾಡಿ ಹತ್ತುವಾಗ ಅಣ್ಣ ಹಿಂದೆಯೇ ಬಂದು ಕಿಟಕಿಯ ಹತ್ತಿರ ನಿಂತರು. ಕಣ್ಣು ಇನ್ನೂ ಊದಿಕೊಂಡಿತ್ತು. ನಾನು ಕ್ಷಮೆ ಕೇಳಬೇಕು ಅಂದುಕೊಳ್ಳುವಷ್ಟರಲ್ಲಿ ಅವರೇ ಕೈಮುಗಿದರು.

"ಸ್ವಾಮಿ, ನನ್ ತಮ್ಮನ್ನ ಉಳಿಸ್ಕಂಡ್ ಬಂದ್ರಿ, ದೊಡ್ಡುಪ್ಕಾರ. ಆದ್ರೆ ಇನ್ನೊಂದ್ ಸಲ ನಮ್ಮೂರ್ಗೆ ಯಾರ್ನಾರ ತಂದ್ರೆ, ಬದ್ಕವ್ನಾ ಸತ್ತವ್ನಾ ಮೊದ್ಲೇ ಯೋಳ್ಬುಡಿ. ಸುಮ್ನೆ ಬಾಯ್ ಬುಟ್ಟು ದಾರಿ ಕಳ್ಕಂಡೆ."